ಜ್ವರ ಬಂದರೆ ಮನೆಯಲ್ಲಿರಿ ಎಂದರೆ ಸಾಕೆ?

ಮಳೆಗಾಲ ಕಾಲಿಟ್ಟರೆ ನಮ್ಮ ರಾಜ್ಯದಲ್ಲಿ ಫ್ಲೂ ಜ್ವರ ಏರುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಏರುತ್ತದೆ. ಇದು ವರ್ಷ ವರ್ಷವೂ ಇರುವುದೇ. ಆದರೆ ಯಾರ ಮೈಗೂ ಪರಿಚಯವಿಲ್ಲದ ಹೊಸ ಫ್ಲೂ ವೈರಸ್ ಹುಟ್ಟಿಕೊಂಡು ಜಗತ್ತಿಗೆಲ್ಲ ಹರಡುವುದು ಬೇರೆಯೇ ಸಂಗತಿ. 1918, 1957, 1968, 2009ರಲ್ಲಿ ಹಾಗಾಯಿತು. ಮತ್ತೆ ಆಗುತ್ತದೆ, ಯಾವಾಗ ಎನ್ನುವುದೊಂದೇ ಪ್ರಶ್ನೆ. ಕೂಲಿ ಮಾಡಿ ಬದುಕುವವರು ಅದಕ್ಕೆ ಹೇಗೆ ಸಿದ್ಧರಾಗಬೇಕು ಎಂದು ಕೇಳಿದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್ ಆಗಿದ್ದೇನೆ. ನಮ್ಮ ಲೈನಿನಲ್ಲಿ ಒಬ್ಬರಿಗೆ ಜ್ವರ ಬಂದರೆ ವಾರದೊಳಗೆ ಅರ್ಧ ಲೈನ್ ಕೆಮ್ಮುತ್ತಿರುತ್ತೆ. ರಜಾ ಹಾಕಿದರೆ ಅಟೆಂಡೆನ್ಸ್ ಬೋನಸ್ ಹೋಗುತ್ತೆ, ಸೂಪರ್‌ವೈಸರ್ ಬೈಗುಳ ಬೇರೆ. ಟಿವಿಯಲ್ಲಿ ಜ್ವರ ಬಂದ್ರೆ ಮನೇಲಿರಿ ಅಂತಾರೆ. ಮನೇಲಿದ್ರೆ ಬಾಡಿಗೆ ಯಾರು ಕಟ್ತಾರೆ ಡಾಕ್ಟ್ರೇ?

ತಂಗಿ, ನಿಮ್ಮ ಪತ್ರವನ್ನು ಮೊದಲಿಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಫ್ಲೂ ತಡೆಯುವ ಮಾತು ಶುರುವಾಗಬೇಕಾದ್ದು ನೀವು ಕೇಳಿದ ಬಾಡಿಗೆಯಿಂದಲೇ. ಕೈ ತೊಳೆಯಬೇಕು, ಕೆಮ್ಮುವಾಗ ಬಾಯಿ ಮುಚ್ಚಬೇಕು ಎಂಬುದು ನಿಮ್ಮ ಲೈನಿನಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಸಂಬಳ ಕಳೆದುಕೊಳ್ಳದೆ ಮನೆಯಲ್ಲಿ ಮಲಗಲು ಆಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಫ್ಲೂ ತಗುಲಿದವರಿಂದ ಜ್ವರ ಕಾಣಿಸುವ ಒಂದು ದಿನ ಮೊದಲೇ ವೈರಸ್ ಹರಡಲು ಶುರುವಾಗುತ್ತದೆ, ಆಮೇಲೆ ಐದರಿಂದ ಏಳು ದಿನ ಹರಡುತ್ತಲೇ ಇರುತ್ತದೆ. ಈ ದಿನಗಳಲ್ಲಿ ಹೆಚ್ಚಿನ ಭಾಗವನ್ನಾದರೂ ಮನೆಯಲ್ಲಿ ಕಳೆಯಲು ಸಾಧ್ಯವಾದರೆ ಅರ್ಧ ಲೈನ್ ಕೆಮ್ಮುವುದು ತಪ್ಪುತ್ತದೆ.

ನಿಮಗೆ ಇಎಸ್‌ಐ ಇದೆ ಎಂದುಕೊಳ್ಳುತ್ತೇನೆ. ಇಎಸ್‌ಐ ಅನ್ವಯಿಸುವ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲ ಅದಕ್ಕೆ ಬರುತ್ತಾರೆ. ಬಹಳ ಮಂದಿ ಅದನ್ನು ಆಸ್ಪತ್ರೆಯ ಕಾರ್ಡು ಎಂದಷ್ಟೇ ತಿಳಿದಿದ್ದಾರೆ. ಅದರಲ್ಲಿ ಕಾಯಿಲೆಯ ದಿನಗಳಿಗೆ ಕೂಲಿಯೂ ಸಿಗುತ್ತದೆ: ಸರಾಸರಿ ದಿನಗೂಲಿಯ ನೂರಕ್ಕೆ ಎಪ್ಪತ್ತರಷ್ಟು, ವರ್ಷಕ್ಕೆ 91 ದಿನಗಳವರೆಗೆ. ಷರತ್ತು ಎರಡು. ಹಿಂದಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿರಬೇಕು, ಮತ್ತು ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಮೊದಲ ಎರಡು ದಿನಗಳಿಗೆ ದುಡ್ಡು ಸಿಗುವುದಿಲ್ಲ. ಐದು ದಿನ ಮಲಗುವ ಫ್ಲೂಗೆ ಇದು ದೊಡ್ಡ ಕೊರತೆಯೇ, ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಆ ಎರಡು ದಿನವನ್ನು ಸಂಬಳ ಸಹಿತ ರಜೆಯಾಗಿ ಕೊಡುವಂತೆ ಕಾರ್ಖಾನೆಯನ್ನು ಕೇಳಬಹುದು. ಆ ಬೇಡಿಕೆಯನ್ನು ಒಬ್ಬರೇ ಹೋಗಿ ಸೂಪರ್‌ವೈಸರ್ ಮುಂದೆ ಇಟ್ಟರೆ ಬೈಗುಳವೇ ಬರುವುದು. ಕಾರ್ಮಿಕರ ಕಮಿಟಿಯೋ ಯೂನಿಯನ್ನೋ ಮುಂದಿಡಬೇಕು. ಅದೂ ಈಗ, ಎಲ್ಲರೂ ಆರೋಗ್ಯವಾಗಿರುವಾಗ. ಇಎಸ್‌ಐ ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. ಮಾತುಕತೆಗೆ ಹೋಗುವಾಗ ಅದು ನೆನಪಿರಲಿ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ನಿಮ್ಮ ಇಎಸ್‌ಐ ನಂಬರಿಗೆ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸರಿಯಾಗಿ ಸೇರಿವೆಯೇ ಎಂದು ನೋಡಿಸಿಕೊಳ್ಳಿ. ಜ್ವರ ಬಂದು ಮಲಗಿದ ದಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎಂದು ಕೌಂಟರಿನಿಂದ ವಾಪಸು ಬಂದವರನ್ನು ನಾನು ಬಹಳ ನೋಡಿದ್ದೇನೆ.

ನಾವು ಯಾದಗಿರಿ ಕಡೆಯವ್ರು ರೀ. ಬೆಂಗಳೂರಾಗ ವೈಟ್‌ಫೀಲ್ಡ್ ಹತ್ರ ಬಿಲ್ಡಿಂಗ್ ಕೆಲಸ ಮಾಡ್ತೀವಿ. ಶೆಡ್ಡಿನಾಗ ಇರ್ತೀವಿ, ಒಂದೊಂದು ಶೆಡ್ಡಿಗೆ ಐದಾರು ಮಂದಿ. ರೇಷನ್ ಕಾರ್ಡ್ ಊರಾಗ ಅದ. ಕೊರೊನಾ ಟೈಮಿನ್ಯಾಗ ಮೇಸ್ತ್ರಿ ಫೋನ್ ಎತ್ತಲಿಲ್ಲ, ಹದಿನೈದು ದಿನದ ಪಗಾರ ಮುಳುಗ್ತು. ಮತ್ತ ಅಂಥಾದ್ದು ಬಂದ್ರ ಊರಿಗಿ ಹೋಗಬೇಕೋ, ಇಲ್ಲೇ ಇರಬೇಕೋ?

ಅಣ್ಣಾ, 2020ರ ಬೇಸಿಗೆಯಲ್ಲಿ ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹೊತ್ತು ಬಸ್ಸಿಗೆ ಕಾದವರನ್ನು ಈ ರಾಜ್ಯ ಮರೆಯಬಾರದು. ಮೊದಲು ದುಪ್ಪಟ್ಟು ದರ ಕೇಳಿ, ಗದ್ದಲವೆದ್ದ ಮೇಲೆ ಉಚಿತ ಮಾಡಿದರು. ಹೊರರಾಜ್ಯದವರ ರೈಲನ್ನು ನಿಲ್ಲಿಸಿ, ಮತ್ತೆ ಬಿಟ್ಟರು. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ನಡೆದೇ ಹೊರಟಿದ್ದರು. ಆ ಗಲಿಬಿಲಿಯಲ್ಲಿ ಸರ್ಕಾರ ಕಟ್ಟಡ ಕಾರ್ಮಿಕರಿಗೆ ಮೊದಲು ಎರಡು ಸಾವಿರ, ಆಮೇಲೆ ಮೂರು ಸಾವಿರ ರೂಪಾಯಿ ಖಾತೆಗೆ ಹಾಕಿತು. ಸಿಕ್ಕಿದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಇದ್ದವರಿಗೆ ಮಾತ್ರ. ನಿಮ್ಮ ಜೊತೆ ಅದೇ ಸಿಮೆಂಟು ಹೊತ್ತು, ಹೆಸರು ಬರೆಸದೆ ಇದ್ದವರಿಗೆ ಏನೂ ಬರಲಿಲ್ಲ.

ಆದ್ದರಿಂದ ಮೊದಲ ಕೆಲಸ, ಲೇಬರ್ ಕಾರ್ಡ್. ಹದಿನೆಂಟರಿಂದ ಅರವತ್ತು ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. 90 ದಿನದ ಪತ್ರಕ್ಕೆ ಮೇಸ್ತ್ರಿ ಸತಾಯಿಸುತ್ತಾನೆ. ಶೆಡ್ಡಿನವರೆಲ್ಲ ಒಟ್ಟಿಗೆ ಕೇಳಿ. ಕಾರ್ಡ್ ಇದ್ದವರು ನವೀಕರಣದ ತಾರೀಕು ನೋಡಿಕೊಳ್ಳಿ.

ಎರಡನೆಯದು ರೇಷನ್. ನಿಮ್ಮ ಕಾರ್ಡ್ ಯಾದಗಿರಿಯದಾದರೂ ಆಧಾರ್ ಜೋಡಣೆ ಆಗಿದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆಯಬಹುದು. ನಿಮ್ಮ ಪಾಲು ಇಲ್ಲಿ, ತಂದೆತಾಯಿಯ ಪಾಲು ಅಲ್ಲಿ ಎಂದು ಭಾಗ ಮಾಡಿಕೊಳ್ಳಲೂ ಅವಕಾಶವಿದೆ. ಇದನ್ನು ಒಂದು ತಿಂಗಳು ಈಗಲೇ ತೆಗೆದು ನೋಡಿ. ಅಂಗಡಿಯವನು 'ನಿಮ್ಮದು ಇಲ್ಲಿಯದಲ್ಲ' ಎಂದರೆ ವಾದ ಮಾಡಲು, ದೂರು ಕೊಡಲು ಈಗ ಸಮಯವಿದೆ.

ಮೂರನೆಯದು ಪಗಾರ. ಸೈಟಿನ ಮುಂದೆ ಬಿಲ್ಡರ್ ಹೆಸರು, ಅನುಮತಿ ನಂಬರು ಇರುವ ದೊಡ್ಡ ಬೋರ್ಡ್ ನಿಲ್ಲಿಸಿರುತ್ತಾರೆ. ಅದರ ಫೋಟೊ ಫೋನಿನಲ್ಲಿರಲಿ. ದಿನದ ಹಾಜರಿಯನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಟ್ಟುಕೊಳ್ಳಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕನ ಮೇಲೆ ಬೀಳುತ್ತದೆ ಎಂದು ಗುತ್ತಿಗೆ ಕಾರ್ಮಿಕರ ಕಾನೂನು ಹೇಳುತ್ತದೆ. ಮೇಸ್ತ್ರಿ ಫೋನ್ ಎತ್ತದ ದಿನ ಆ ಫೋಟೊ ಮತ್ತು ನೋಟ್‌ಬುಕ್ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಬಹುದು.

ಇನ್ನು ಊರಿಗೋ ಇಲ್ಲೇಯೋ ಎಂಬ ಪ್ರಶ್ನೆ. ಜ್ವರ, ಕೆಮ್ಮು ಇದ್ದಾಗ ಮಾತ್ರ ಪ್ರಯಾಣ ಬೇಡ. ರಾತ್ರಿಯೆಲ್ಲ ಮುಚ್ಚಿದ ಬಸ್ಸಿನಲ್ಲಿ ಕೂತವರಿಗೆಲ್ಲ ಹಂಚಿ, ಊರಲ್ಲಿ ವಯಸ್ಸಾದ ತಾಯಿಗೂ ಕೊಟ್ಟಂತಾಗುತ್ತದೆ. ಮೈ ಚೆನ್ನಾಗಿದ್ದು, ಕೆಲಸವೂ ನಿಂತಿದ್ದರೆ ಹೋಗುವುದು ತಪ್ಪಲ್ಲ. ಅದು ನಿಮ್ಮ ಹಕ್ಕು. ಇಲ್ಲೇ ಉಳಿದರೆ ಜ್ವರ ಬಂದವರು ಎಲ್ಲಿ ಮಲಗಬೇಕು? ತಗಡಿನ ಶೆಡ್ಡಿಗೆ ಕಿಟಕಿಯೇ ಇರುವುದಿಲ್ಲ. ನೀವೇ ಕಟ್ಟುತ್ತಿರುವ ಕಟ್ಟಡದಲ್ಲಿ ನೆಲಮಹಡಿಯಲ್ಲೊಂದು ಗಾಳಿಯಾಡುವ, ಕೆಲಸ ಮುಗಿದ ಕೋಣೆಯನ್ನು ಅದಕ್ಕೆ ಬಿಟ್ಟುಕೊಡುವಂತೆ ಸೈಟ್ ಎಂಜಿನಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮುಂಬೈನ ಧಾರಾವಿಯಲ್ಲಿ 2020ರಲ್ಲಿ ಮಾಡಿದ್ದೂ ಇಂಥದ್ದೇ. ಎರಡೂವರೆ ಚದರ ಕಿಲೋಮೀಟರ್ ಕೂಡ ಇಲ್ಲದ ಆ ಜಾಗದಲ್ಲಿ ಲಕ್ಷಾಂತರ ಜನ, ಬಹುತೇಕರಿಗೆ ಸಾರ್ವಜನಿಕ ಶೌಚಾಲಯ. ದೂರ ಇರಿ ಎಂದರೆ ದೂರ ಹೋಗಲು ಜಾಗವೆಲ್ಲಿ? ಶಾಲೆ, ಸಭಾಂಗಣ, ಕ್ರೀಡಾ ಸಂಕೀರ್ಣಗಳನ್ನು ತೆರೆದು, ಹೊತ್ತು ಹೊತ್ತಿಗೆ ಊಟ ಕೊಟ್ಟು, ಅಲ್ಲಿನ ಖಾಸಗಿ ವೈದ್ಯರನ್ನೇ ಜೊತೆಗೆ ಸೇರಿಸಿಕೊಂಡು ಜ್ವರ ತಪಾಸಣೆ ಮಾಡಿದರು, ಶೌಚಾಲಯಗಳನ್ನು ದಿನಕ್ಕೆ ಹಲವು ಸಲ ತೊಳೆದರು. ಊಟವೂ ಹಾಸಿಗೆಯೂ ಸಿಗುತ್ತದೆ ಎಂದಾಗ ಜನ ತಾವಾಗಿಯೇ ಬಂದರು.

ರೋಗಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಕೇಳಿ ಬೆಳೆದವನು ನಾನು. ನಮ್ಮ ಅಜ್ಜಿ 1918ರ ಜ್ವರದ ಕಥೆ ಹೇಳುತ್ತಿದ್ದರು, ಒಂದೇ ಓಣಿಯಲ್ಲಿ ದಿನಕ್ಕೆ ಎರಡು ಮೂರು ಹೆಣ. ಆಗ ಎಲ್ಲರೂ ಒಂದೇ ರೀತಿ ಸತ್ತರಲ್ಲವೆ? (ನಿವೃತ್ತ ಶಿಕ್ಷಕರು, ಧಾರವಾಡ)

ಇಲ್ಲ ಗುರುಗಳೇ. ಆಗ ನಿಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ದೇಶದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಪ್ರಾಂತ್ಯಗಳಲ್ಲಿ ಅದೂ ಒಂದು. ಮುಂಬೈ ನಗರದ ಲೆಕ್ಕ ಸಮುದಾಯವಾರು ದಾಖಲಾಗಿದೆ. ಅಲ್ಲಿನ ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3 ಮಂದಿ ಸತ್ತರೆ, ಕೆಳಜಾತಿ ಎಂದು ಕರೆಸಿಕೊಂಡ ಹಿಂದೂಗಳಲ್ಲಿ ಸಾವಿರಕ್ಕೆ 61.6 ಮಂದಿ ಸತ್ತರು. ಒಂದೇ ಊರು, ಒಂದೇ ವೈರಸ್, ಏಳು ಪಟ್ಟು ಅಂತರ. ಚೆನ್ನಾಗಿ ಗಾಳಿಯಾಡುವ ಬಂಗಲೆ ಒಂದು ಕಡೆ, ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ಚಾಳು ಇನ್ನೊಂದು ಕಡೆ. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಅರೆಹೊಟ್ಟೆಯ ಮೈಗೆ ಜ್ವರ ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಭಾರತದಲ್ಲಿ ಆಗ ಸತ್ತವರು ಒಂದು ಕೋಟಿಗೂ ಮೇಲೆ ಎಂಬುದು ಬಹುತೇಕ ಎಲ್ಲ ಅಂದಾಜುಗಳ ಲೆಕ್ಕ.

ನಿಮ್ಮ ಅಜ್ಜಿ ಬದುಕುಳಿದದ್ದು ದೊಡ್ಡದು. ಆ ಜ್ವರ ಮುದುಕರಿಗಿಂತ ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನೇ ಹೆಚ್ಚು ಹೊತ್ತೊಯ್ದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರ ಸಾವು ಹೆಚ್ಚು. ರೋಗಿಗಳ ಪಕ್ಕದಲ್ಲಿ ಕೂತು ಆರೈಕೆ ಮಾಡಿದವರು ಅವರು, ಕೊನೆಗೆ ಉಳಿದದ್ದನ್ನು ಉಂಡವರೂ ಅವರು. ಮುಂದಿನ ಸಲ ಯಾರ ತಟ್ಟೆಗೆ ಮೊದಲು ಅನ್ನ ಹೋಗಬೇಕು ಎಂದು ಯೋಚಿಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿಮ್ಮ ಅಜ್ಜಿಯ ಮಾತುಗಳನ್ನು ದಯವಿಟ್ಟು ಬರೆದಿಡಿ.

ಕಷಾಯ ಕುಡಿದರೆ, ಹಬೆ ತೆಗೆದುಕೊಂಡರೆ ಫ್ಲೂ ಬರುವುದಿಲ್ಲವೆ? (ಹಾಸನ)

ಬರುತ್ತದೆ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಹಬೆಯಿಂದ ವೈರಸ್ ಸಾಯುವುದಿಲ್ಲ. ಚಿಕ್ಕ ಮನೆಯಲ್ಲಿ ಮಕ್ಕಳು ಓಡಾಡುವ ಕಡೆ ಕುದಿಯುವ ನೀರಿನ ಪಾತ್ರೆ ಇಟ್ಟು ಮೈ ಸುಟ್ಟುಕೊಂಡವರು ಆಸ್ಪತ್ರೆಗೆ ಬರುತ್ತಾರೆ. ಹಬೆ ಬೇಡ.

ಹುಬ್ಬಳ್ಳಿಯಲ್ಲಿ ಒಂದೇ ಕೋಣೆಯ ಮನೆ, ಆರು ಜನ. ನೀರು ಓಣಿಯ ನಲ್ಲಿಯಿಂದ ತರಬೇಕು, ಅದೂ ದಿನ ಬಿಟ್ಟು ದಿನ. ಒಬ್ಬರಿಗೆ ಜ್ವರ ಬಂದರೆ ಬೇರೆ ಕೋಣೆಯಲ್ಲಿ ಇರಿಸಿ ಅಂತೀರಿ. ಇಲ್ಲದ ಕೋಣೆ ಎಲ್ಲಿಂದ ತರಲಿ?

ಕೋಣೆ ಇಲ್ಲದಿದ್ದರೆ ಗಾಳಿಯನ್ನು ಬಳಸಿಕೊಳ್ಳಬೇಕು ತಾಯಿ. ಜ್ವರ ಬಂದವರನ್ನು ಕಿಟಕಿ ಅಥವಾ ಬಾಗಿಲಿನ ಪಕ್ಕ ಮಲಗಿಸಿ, ಗಾಳಿ ಒಳಗಿನಿಂದ ಅವರ ಮೇಲೆ ಹಾದು ಹೊರಗೆ ಹೋಗುವ ಹಾಗೆ. ಫ್ಯಾನ್ ಇದ್ದರೆ ಅದರ ಮುಖ ಹೊರಗಿರಲಿ. ಉಳಿದವರು ಅವರ ತಲೆಯ ಕಡೆ ತಲೆ ಹಾಕದೆ ಕಾಲಿನ ಕಡೆ ತಲೆ ಹಾಕಿ ಮಲಗಲಿ. ಹಗಲು ಕಟ್ಟೆಯ ಮೇಲೋ ಮರದ ನೆರಳಿನಲ್ಲೋ ಕೂರಲು ಕಾಯಿಲೆಯವರಿಗೆ ಆಗುವುದಾದರೆ ಒಳಗಿಗಿಂತ ಅದೇ ಮೇಲು. ಒಳಗೆ ಇರುವಷ್ಟು ಹೊತ್ತು ಕಾಯಿಲೆಯವರು ಮಾಸ್ಕ್ ಹಾಕಲಿ, ಒಂದೇ ಒಬ್ಬರು ಆರೈಕೆ ಮಾಡಲಿ, ಅವರೂ ಹಾಕಲಿ. ಬಸುರಿ, ಹಸುಗೂಸು, ವಯಸ್ಸಾದವರು ಇದ್ದರೆ ನಾಲ್ಕೈದು ದಿನ ಹತ್ತಿರದ ನೆಂಟರ ಮನೆಗೆ ಕಳಿಸಬಹುದೇ ನೋಡಿ. ಹೀಗೆ ಮಾಡಿಯೂ ಮನೆಯಲ್ಲಿ ಇನ್ನಿಬ್ಬರಿಗೆ ತಗುಲಬಹುದು. ಅದು ನಿಮ್ಮ ತಪ್ಪು ಎಂದುಕೊಳ್ಳಬೇಡಿ. ಮನೆ ಚಿಕ್ಕದಿದ್ದರೆ ಹಾಗಾಗುತ್ತದೆ.

ನೀರು ಕಡಿಮೆಯಿದ್ದಾಗ ಒಂದು ಉಪಾಯವಿದೆ. ಖಾಲಿ ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ, ನೀರು ತುಂಬಿ, ಬಟ್ಟೆ ಒಗೆಯುವ ಪುಡಿ ಒಂದೆರಡು ಚಮಚ ಹಾಕಿ ಅಲ್ಲಾಡಿಸಿ ಬಾಗಿಲ ಬಳಿ ತೂಗುಹಾಕಿ. ಸ್ವಲ್ಪ ಹಿಂಡಿಕೊಂಡು ಚೆನ್ನಾಗಿ ಉಜ್ಜಿ, ಆಮೇಲೆ ಒಂದು ಚೊಂಬಿನ ಕಾಲುಭಾಗ ನೀರಿನಲ್ಲಿ ತೊಳೆದರೆ ಸಾಕು. ಸ್ಯಾನಿಟೈಸರ್‌ಗೆ ದುಡ್ಡು ಹಾಕಬೇಡಿ.

ಓಣಿಯ ನಲ್ಲಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುವುದು ನೀರು ಯಾವಾಗ ಬಂದು ಯಾವಾಗ ಹೋಗುತ್ತದೋ ಎಂಬ ಆತಂಕದಿಂದ. ಬಿಡುವ ಹೊತ್ತು ಮೊದಲೇ ತಿಳಿಸಿ, ಹೆಚ್ಚು ಹೊತ್ತು ಬಿಡಿ ಎಂದು ಪಾಲಿಕೆಗೆ ಓಣಿಯವರೆಲ್ಲ ಸಹಿ ಹಾಕಿದ ಅರ್ಜಿ ಕೊಡಿ. ಅದೂ ಫ್ಲೂ ತಡೆಯುವ ಕೆಲಸವೇ.

ಆಟೊ ಓಡಿಸ್ತೀನಿ ಸಾರ್, ಶಿವಮೊಗ್ಗ. ವಯಸ್ಸು 52, ಶುಗರ್ ಇದೆ. ಫ್ಲೂ ಲಸಿಕೆ ಹಾಕಿಸ್ಕೊಳ್ಳಿ ಅಂದ್ರು, ಎರಡು ಸಾವಿರ ಕೇಳಿದ್ರು. ಹಾಕಿಸ್ಕೊಳ್ಬೇಕಾ? ದೊಡ್ಡ ಸಾಂಕ್ರಾಮಿಕ ಬಂದ್ರೆ ಇದೇ ಲಸಿಕೆ ಆಗುತ್ತಾ?

ಮೊದಲು ಎರಡನೆಯ ಪ್ರಶ್ನೆ. ಆಗುವುದಿಲ್ಲ. ಪ್ರತಿವರ್ಷದ ಲಸಿಕೆ ಆ ವರ್ಷ ಓಡಾಡುತ್ತಿರುವ ಫ್ಲೂಗೆ ಮಾಡಿದ್ದು. ಹೊಸ ವೈರಸ್ ಬಂದರೆ ಹೊಸದಾಗಿ ಮಾಡಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. 2009ರ ಜೂನ್‌ನಲ್ಲಿ ಎಚ್1ಎನ್1 ಜಾಗತಿಕ ಸಾಂಕ್ರಾಮಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಭಾರತದಲ್ಲೇ ತಯಾರಾದ ಮೊದಲ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನ್‌ನಲ್ಲಿ. ಆಗಸ್ಟಿನಲ್ಲಿ ಸಾಂಕ್ರಾಮಿಕ ಮುಗಿಯಿತು ಎಂದೂ ಘೋಷಣೆಯಾಯಿತು. ಮೊದಲ ಅಲೆಯನ್ನು ಲಸಿಕೆ ಇಲ್ಲದೆಯೇ ದಾಟಬೇಕಾಗುತ್ತದೆ ಎಂದುಕೊಂಡೇ ಸಿದ್ಧತೆ ಮಾಡಬೇಕು.

ಆದರೂ ನಿಮಗೆ ಪ್ರತಿವರ್ಷದ ಲಸಿಕೆ ಒಳ್ಳೆಯದು. ಶುಗರ್ ಇರುವವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ, ಹೃದಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಫ್ಲೂ ಬೇಗ ನ್ಯುಮೋನಿಯಾಕ್ಕೆ ತಿರುಗುತ್ತದೆ. ಆ ಎಚ್1ಎನ್1 ಆಮೇಲೂ ನಮ್ಮ ನಡುವೆಯೇ ಉಳಿದಿದೆ. 2015 ಒಂದೇ ವರ್ಷ ದೇಶದಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು ಕೊಂದಿತು. ಹಾಗಿದ್ದೂ ಈ ಲಸಿಕೆ ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ದಿನವಿಡೀ ಹತ್ತಾರು ಜನರ ಉಸಿರಿನ ಪಕ್ಕ ಕೂರುವ ಆಟೊ ಚಾಲಕರು, ಕಂಡಕ್ಟರ್‌ಗಳು, ಪೌರಕಾರ್ಮಿಕರಲ್ಲಿ ಶುಗರ್, ಅಸ್ತಮಾ ಇರುವವರಿಗಾದರೂ ಅದನ್ನು ಸರ್ಕಾರ ಉಚಿತವಾಗಿ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಆಟೊ ಚಾಲಕರ ಸಂಘ ಜಿಲ್ಲಾ ಆರೋಗ್ಯಾಧಿಕಾರಿಗೆ ಈ ಬೇಡಿಕೆಯನ್ನು ಬರೆದು ಕೊಡಲಿ.

ಎರಡು ಸಾವಿರ ಹೊಂದಿಸಲು ಆಗದಿದ್ದರೆ ಎದೆಗುಂದಬೇಡಿ. ದುಡ್ಡು ಖರ್ಚಿಲ್ಲದ ಎರಡು ಕೆಲಸ ಇವೆ. ಶುಗರ್ ಹತೋಟಿಯಲ್ಲಿಡಿ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೈಯಲ್ಲಿ ಯಾವಾಗಲೂ ಒಂದು ತಿಂಗಳ ಮಾತ್ರೆ ಇರಲಿ. 2020ರಲ್ಲಿ ಬಸ್ ನಿಂತಾಗ ಶುಗರ್, ಬಿಪಿ, ಟಿಬಿ ಮಾತ್ರೆ ತಪ್ಪಿ ಕಂಗೆಟ್ಟವರು ಬಹಳ. ಇನ್ನೊಂದು, ಫ್ಲೂ ಜ್ವರ ಬಂದರೆ ಕಾಯುತ್ತ ಕೂರದೆ ಎರಡು ದಿನದೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ 'ನನಗೆ ಶುಗರ್ ಇದೆ' ಎಂದು ಮೊದಲೇ ಹೇಳಿ. ಒಸೆಲ್ಟಾಮಿವಿರ್ ಎಂಬ ಮಾತ್ರೆ ಅಲ್ಲಿ ಉಚಿತವಾಗಿ ಸಿಗುತ್ತದೆ, ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಅದರ ಗುಣ ಹೆಚ್ಚು. ಮೂಲೆಯ ಕ್ಲಿನಿಕ್ಕಿನಲ್ಲಿ 'ಒಂದು ಇಂಜೆಕ್ಷನ್ ಹಾಕಿ, ನಾಳೆ ಗಾಡಿ ಓಡಿಸ್ಬೇಕು' ಎಂದು ಕೇಳಬೇಡಿ. ಆ ಇಂಜೆಕ್ಷನ್‌ನಲ್ಲಿ ಸ್ಟೆರಾಯ್ಡ್ ಇದ್ದರೆ ಜ್ವರ ಇಳಿದಂತೆ ಕಂಡು ಶುಗರ್ ಏರಿಬಿಡುತ್ತದೆ.

ಆಶಾ ಕಾರ್ಯಕರ್ತೆ, ದಾವಣಗೆರೆ. ಕೊರೊನಾದಲ್ಲಿ ನಾವು ಮನೆ ಬಾಗಿಲಿಗೆ ಹೋದರೆ ಬೈದು ಕಳಿಸುತ್ತಿದ್ದರು, 'ಇವರು ಬಂದರೆ ಹೊತ್ಕೊಂಡು ಹೋಗ್ತಾರೆ' ಎಂದು ಜ್ವರವನ್ನೇ ಮುಚ್ಚಿಡುತ್ತಿದ್ದರು. ಮುಂದಿನ ಸಲ ಹೀಗಾಗದಂತೆ ಈಗ ನಾನು ಏನು ಮಾಡಬಹುದು?

ಜನ ಹೆದರಿದ್ದಕ್ಕೆ ಕಾರಣ ಇತ್ತು ತಾಯಿ. ಬಾಗಿಲಿಗೆ ಚೀಟಿ ಅಂಟಿಸಿದರು, ಬೀದಿಗೆ ತಗಡು ಹೊಡೆದರು. ಮನೆಯವರನ್ನು ಕರೆದೊಯ್ದ ಮೇಲೆ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬ ಸುದ್ದಿ ಬರಲಿಲ್ಲ. ಆ ನಿರ್ಧಾರಗಳಲ್ಲಿ ನಿಮ್ಮ ಪಾಲು ಏನೂ ಇರಲಿಲ್ಲ, ಬೈಗುಳ ಮಾತ್ರ ನಿಮ್ಮ ಪಾಲಿಗೆ ಬಂತು. 2020ರ ಜುಲೈನಲ್ಲಿ ರಾಜ್ಯದ 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಬರಿಗೈಯಲ್ಲಿ ನಿಮ್ಮನ್ನು ರೋಗದ ಮುಂದೆ ನಿಲ್ಲಿಸಿ ಸಿದ್ಧತೆ ಎಂದು ಕರೆಯುವುದು ನ್ಯಾಯವಲ್ಲ. ಇದನ್ನು ಓದುವ ಅಧಿಕಾರಿಗಳಿಗೂ ಹೇಳುತ್ತಿದ್ದೇನೆ: ನಿಮ್ಮ ಪಟ್ಟಿಯಲ್ಲಿ ಮೊದಲ ಮಾಸ್ಕ್, ಮೊದಲ ಲಸಿಕೆ, ತಪ್ಪದ ಗೌರವಧನ ಆಶಾ ಕಾರ್ಯಕರ್ತೆಯರದ್ದಾಗಿರಲಿ.

ನೀವು ಮಾಡಬಹುದಾದ್ದು ಹೇಳುತ್ತೇನೆ. ನಿಮ್ಮ ವ್ಯಾಪ್ತಿಯ ಮನೆಗಳಲ್ಲಿ ಒಬ್ಬರೇ ಇರುವ ಮುದುಕರು, ಬಸುರಿಯರು, ಟಿಬಿ ಔಷಧಿ ತೆಗೆದುಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು ಯಾರು ಎಂಬುದು ನಿಮಗೆ ಬಾಯಿಪಾಠವಿದೆ. ಅದನ್ನು ಒಂದು ಪುಸ್ತಕದಲ್ಲಿ ಇಳಿಸಿ. ಪ್ರತಿ ಹೆಸರಿನ ಎದುರು, ಅವರಿಗೆ ಕಾಯಿಲೆಯಾದರೆ ಊಟ ತಂದಿಡುವ ನೆರೆಯವರ ಹೆಸರನ್ನು ಆ ನೆರೆಯವರನ್ನೇ ಕೇಳಿ ಬರೆಯಿರಿ. ಆಮೇಲೆ, ಬಾಗಿಲಿಗೆ ಹೋದಾಗ ಮೊದಲ ಮಾತು 'ಜ್ವರ ಇದೆಯಾ' ಎಂದಾಗಬಾರದು. 'ಊಟಕ್ಕೆ ಏನು ಮಾಡಿದ್ದೀರಿ, ಮಾತ್ರೆ ಇದೆಯಾ' ಎಂದು ಶುರುವಾಗಲಿ. ಕೊಡಲು ಏನಾದರೂ ಹಿಡಿದು ಬಂದವರಿಗೆ ಜನ ಬಾಗಿಲು ತೆಗೆಯುತ್ತಾರೆ.

ಆಸ್ಪತ್ರೆಗೆ ಯಾರು ಹೋಗಬೇಕು ಎಂಬುದು ಜನರಿಗೆ ಮೊದಲೇ ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಬಹಳಷ್ಟು ಮಂದಿಗೆ ಮನೆಯಲ್ಲೇ ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿ. ಉಸಿರಾಡಲು ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ತುಟಿ ನೀಲಿ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಬೇಕು. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಿಗೆ ಪಕ್ಕೆ ಒಳಗೆ ಸೇದಿದರೆ ಒಂದು ರಾತ್ರಿಯೂ ಕಾಯಬಾರದು. ಜ್ವರ ಇಳಿದು ಆರಾಮಾಗಿ ಎರಡು ದಿನದ ಮೇಲೆ ಮತ್ತೆ ಜ್ವರ ಕೆಮ್ಮು ಏರಿದರೂ ಹಾಗೆಯೇ. ಅದು ಬಹಳ ಸಲ ನ್ಯುಮೋನಿಯಾ ಆಗಿರುತ್ತದೆ.

ಸಂಡೂರು ಕಡೆ ನಮ್ಮ ಊರು. ಮನಿಯಾಗ ಹತ್ತು ಹನ್ನೆರಡು ನಾಟಿ ಕೋಳಿ ಅದಾವು, ಕೈಖರ್ಚಿಗೆ ಅವೇ ಆಧಾರ. ಹಕ್ಕಿ ಜ್ವರ ಬಂತಂದ್ರ ಸರ್ಕಾರದವ್ರು ಎಲ್ಲಾ ಕೋಳಿ ಕೊಲ್ತಾರಂತ. ಅದಕ್ಕ ಮೊದ್ಲೇ ಮಾರಿಬಿಡೂದು ಚಲೋ ಅಲ್ಲೇನ್ರಿ?

ಅವ್ವಾ, ಕೋಳಿ ಆರೋಗ್ಯವಾಗಿದ್ದಾಗ ಮಾರುವುದು ನಿಮ್ಮಿಷ್ಟ. ಕೋಳಿಗಳು ಒಂದರ ಹಿಂದೆ ಒಂದು ಸಾಯಲು ಶುರುವಾದ ಮೇಲೆ ಉಳಿದವನ್ನು ಸಂತೆಗೆ ಒಯ್ಯುವುದು ಮಾತ್ರ ಬೇಡವೇ ಬೇಡ. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೇ ಹಕ್ಕಿ ಜ್ವರ ಕಾಣಿಸಿತ್ತು. ಆ ವೈರಸ್ ಮನುಷ್ಯರಿಗೆ ತಗುಲುವುದು ಅಪರೂಪ, ಭಾರತದಲ್ಲಿ ಬೆರಳೆಣಿಕೆಯಷ್ಟು. ತಗುಲಿದವರಿಗೆ ಕಷ್ಟ. ಮುಂದೊಂದು ದಿನ ಅದು ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ರೂಪ ತಾಳಿದರೆ ಅದೇ ದೊಡ್ಡ ಸಾಂಕ್ರಾಮಿಕವಾಗಬಹುದು ಎಂದು ವಿಜ್ಞಾನಿಗಳು ಕಣ್ಣಿಟ್ಟು ಕಾಯುತ್ತಿದ್ದಾರೆ.

ಪರಿಹಾರದ ವಿಷಯ ತಿಳಿದುಕೊಳ್ಳಿ. ಸರ್ಕಾರದವರು ಕೊಲ್ಲುವ ಕೋಳಿಗೆ ದುಡ್ಡು ಕೊಡುತ್ತಾರೆ, ತಾನಾಗಿ ಸತ್ತ ಕೋಳಿಗೆ ಕೊಡುವುದಿಲ್ಲ. ಹಾಗಾಗಿ ಒಂದೆರಡು ಸತ್ತ ಕೂಡಲೇ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿದರೆ ಉಳಿದವುಗಳ ದುಡ್ಡಾದರೂ ಕೈಗೆ ಬರುತ್ತದೆ. ಕೋಳಿ ಎಷ್ಟಿವೆ ಎಂದು ಒಂದು ಫೋಟೊ ತೆಗೆದಿಟ್ಟಿರಿ. ಕಾಯಿಲೆ ಕೋಳಿಯನ್ನು ಕೊಯ್ಯಬೇಡಿ, ಪುಕ್ಕ ತರಿಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಸತ್ತದ್ದನ್ನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಭಯವಿಲ್ಲ.

ತುಮಕೂರಿನ ನಮ್ಮ ಕಾಲೊನಿಯಲ್ಲಿ ಸ್ತ್ರೀಶಕ್ತಿ ಸಂಘವಿದೆ, ಹದಿನೆಂಟು ಜನ. ಸಂಘದಲ್ಲಿ ಸ್ವಲ್ಪ ಉಳಿತಾಯವಿದೆ. ಮುಂದೆ ಇಂಥ ಕಾಯಿಲೆ ಬಂದರೆ ಇರಲಿ ಎಂದು ಒಂದು ಆಕ್ಸಿಜನ್ ಸಿಲಿಂಡರ್ ತೆಗೆದಿಡೋಣ ಎಂದು ಕೆಲವರು ಹೇಳುತ್ತಾರೆ. ಏನು ತೆಗೆದಿಡಬೇಕು?

ಸಿಲಿಂಡರ್ ಬೇಡ. ಒಂದು ಸಿಲಿಂಡರ್ ಕೆಲವೇ ಗಂಟೆಗೆ ಮುಗಿಯುತ್ತದೆ, ತುಂಬಿಸುವುದು ಎಲ್ಲಿ, ಯಾರ ಮನೆಯಲ್ಲಿ ಇಡುವುದು, ಬೆಂಕಿಯ ಅಪಾಯ ಬೇರೆ. ಆಕ್ಸಿಜನ್ ಬೇಕಾದವರು ಆಸ್ಪತ್ರೆಯಲ್ಲಿರಬೇಕು. ಅಲ್ಲಿಗೆ ಬೇಗ ತಲುಪಿಸಲು ಏನು ಬೇಕೋ ಅದಕ್ಕೆ ದುಡ್ಡು ಹಾಕಿ. 2021ರ ಕೊರೊನಾ ಅಲೆಯಂತೆ ಎಲ್ಲರೂ ಒಮ್ಮೆಗೇ ಓಡುವಾಗ ಅದನ್ನು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಒಂದು ಗಟ್ಟಿ ಪೆಟ್ಟಿಗೆ ತನ್ನಿ. ಅದರಲ್ಲಿ ಎರಡು ಡಿಜಿಟಲ್ ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದು, ಪ್ಯಾರಸಿಟಮಾಲ್ ಮಾತ್ರೆ ಮತ್ತು ಮಕ್ಕಳ ಸಿರಪ್, ಓಆರ್‌ಎಸ್ ಪೊಟ್ಟಣ, ಸೋಪು, ಮಾಸ್ಕ್ ಇರಲಿ. ಆಕ್ಸಿಮೀಟರ್ ಬಳಸುವುದನ್ನು ಆಶಾ ಕಾರ್ಯಕರ್ತೆಯಿಂದ ಇಬ್ಬರು ಕಲಿತಿರಲಿ. ಬೆರಳು ಬೆಚ್ಚಗಿರಬೇಕು, ಉಗುರುಬಣ್ಣ ಮೆಹಂದಿ ಇಲ್ಲದ ಬೆರಳಾಗಿರಬೇಕು, ಒಂದು ನಿಮಿಷ ಕಾದು ಅಂಕಿ ನಿಂತ ಮೇಲೆ ಓದಬೇಕು. 94ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ. ಬಳಸದಿದ್ದಾಗ ಬ್ಯಾಟರಿ ಹೊರಗೆ ತೆಗೆದಿಡಿ, ಇಲ್ಲವಾದರೆ ಬೇಕಾದ ದಿನ ಅದು ಉರಿಯುವುದಿಲ್ಲ. ಮಕ್ಕಳಿಗೆ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು, ವೈದ್ಯರು ಹೇಳದೆ ಆಂಟಿಬಯೋಟಿಕ್ ಯಾರಿಗೂ ಬೇಡ. ಆ ಪೆಟ್ಟಿಗೆಯಲ್ಲಿ ಅವೆರಡನ್ನೂ ಇಡಲೇಬೇಡಿ.

ಉಳಿದ ದುಡ್ಡಿನ ದೊಡ್ಡ ಪಾಲು ಸಾಲದ ಗಂಟಾಗಿಯೇ ಇರಲಿ. ಜ್ವರದ ಮನೆಗೆ ಬಡ್ಡಿಯಿಲ್ಲದೆ ಒಂದು ವಾರದ ದಿನಸಿಯಷ್ಟು ಸಾಲ, ಸಭೆ ಕರೆಯದೆ ಇಬ್ಬರ ಸಹಿಯ ಮೇಲೆ ಅದೇ ದಿನ ಕೊಡಬೇಕು ಎಂದು ಸಂಘದ ಪುಸ್ತಕದಲ್ಲಿ ಈಗಲೇ ಠರಾವು ಬರೆದುಕೊಳ್ಳಿ. ನಿಮ್ಮ ಕಿರಾಣಿ ಅಂಗಡಿಯವರೊಂದಿಗೂ ಮಾತಾಡಿ. ಸಂಘದ ಚೀಟಿ ತೋರಿಸಿದ ಮನೆಗೆ ಅಕ್ಕಿ, ಬೇಳೆ, ಎಣ್ಣೆ, ಹಾಲು ಕೊಡುವುದು, ಸಂಘ ತಿಂಗಳಿಗೊಮ್ಮೆ ಲೆಕ್ಕ ಮುಗಿಸುವುದು. ಒಬ್ಬರು ದಿನಸಿ ತಂದು ಹೊಸ್ತಿಲ ಮೇಲಿಟ್ಟು ಬರುವವರೂ ಬೇಕು.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೂ ಇದ್ದೇ ಇರುತ್ತದೆ: ಸಾಲದ ವಾರದ ಕಂತು. ಮೈಯೆಲ್ಲ ಜ್ವರವಿದ್ದರೂ ಹೆಂಗಸರು ಕೆಲಸಕ್ಕೆ ಹೋಗುವುದು ಬಹಳ ಸಲ ಅದಕ್ಕೇ. 2020ರಲ್ಲಿ ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಆ ಸುದ್ದಿ ತಲುಪದೆ ಕಟ್ಟಿದವರು ಬಹಳ. ಕಂತಿಗಾಗಿ ಮನೆಗೆ ಬಂದು ಪೀಡಿಸುವುದರ ವಿರುದ್ಧ ಕರ್ನಾಟಕ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಯಾರ ಮನೆಯಲ್ಲಿ ಯಾವ ಕಂಪನಿಗೆ ಎಷ್ಟು ಕಂತು, ಯಾವ ವಾರ ಎಂದು ಸಂಘದಲ್ಲಿ ಬರೆದಿಡಿ. ಕಾಯಿಲೆ ಬಂದಾಗ ಒಬ್ಬಂಟಿ ಹೆಂಗಸು ಏಜೆಂಟ್ ಮುಂದೆ ನಿಲ್ಲುವ ಬದಲು ಸಂಘದ ನಾಲ್ವರು ನಿಂತು ಸಮಯ ಕೇಳಬಹುದು.

ಪೆಟ್ಟಿಗೆಯ ಬೀಗದ ಕೈ ಇಬ್ಬರ ಬಳಿ ಇರಲಿ, ಇಬ್ಬರೂ ಒಂದೇ ಮನೆಯವರಾಗಬಾರದು. ಆರು ತಿಂಗಳಿಗೊಮ್ಮೆ ಮಾತ್ರೆಗಳ ತಾರೀಕು ನೋಡಿ, ಮುಗಿಯುವ ಮುಂಚೆ ಕಾಲೊನಿಯಲ್ಲಿ ಬೇಕಾದವರಿಗೆ ಕೊಟ್ಟು ಹೊಸದು ತಂದಿಡಿ.